ತಾತನ ಎಡಗಿವಿ

ಆವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಕಿವಿ. ಅದೂ ರಕ್ತಮಾಂಸದ ಕಿವಿಯಲ್ಲ, ಟೀವಿಯಲ್ಲಿ ವಾರಕ್ಕೊಮ್ಮೆ ಬರುವ ಕಾರ್ಟೂನ್ ಧಾರಾವಾಹಿಯ ತಾತನ ಕಿವಿ. ಪುಸ್ತಕದ ಹಾಳೆಯ ಮೂಲೆ ಮಡಿಸಿದ ಹಾಗೆ ತಾತನ ಎಡಗಿವಿಯ ತುದಿ ಮಡಚಿಕೊಂಡಿತ್ತು. ತಾತನಿಗಿದ್ದದ್ದು ಮಗನಿಗೆ, ಮಗನಿಗಿದ್ದದ್ದು ಮೊಮ್ಮಗನಿಗೆ ಬಂದಿತ್ತು. ಮೂವರನ್ನು ಸಾಲಾಗಿ ನಿಲ್ಲಿಸಿದರೆ ಒಂದೇ ಮನೆಯವರು ಅಂತ ನಿದ್ದೆಗಣ್ಣಿನವರೂ ಹೇಳಬೇಕು. ಧಾರಾವಾಹಿಯ ಬಂಡವಾಳವೆಲ್ಲ ಆ ಕಿವಿಯೇ.

ಅಂಥ ಮಡಿಕೆ ಈ ವಾರದ ಕಂತಿನಲ್ಲಿ ತಾತ ಅಡುಗೆಮನೆಯಲ್ಲಿದ್ದಾಗ ಎಡಗಿವಿಯಲ್ಲಿತ್ತು, ನಡುಮನೆಗೆ ಬರುವಷ್ಟರಲ್ಲಿ ಬಲಗಿವಿಗೆ ಹೋಗಿತ್ತು.

ಇಂಥ ಎಡವಟ್ಟು ಹಿಡಿಯುವುದಕ್ಕೆಂದೇ ಧಾರಾವಾಹಿ ತಯಾರಿಸುವ ಕಚೇರಿಯಲ್ಲಿ ಒಬ್ಬನಿಗೆ ಸಂಬಳ ಕೊಡುತ್ತಿದ್ದರು. ಹಿಂದಿನ ದೃಶ್ಯದಲ್ಲಿ ನೀಲಿಯಿದ್ದ ಅಂಗಿ ಮುಂದಿನದರಲ್ಲಿ ಹಸಿರಾಯಿತೇ, ಒಡೆದ ಲೋಟ ಮತ್ತೆ ಕೂಡಿಕೊಂಡಿತೇ ಎಂದು ಕೂತು ನೋಡುವುದು ಅವನ ಕೆಲಸ. ಎಲ್ಲರೂ ಅವನನ್ನು ಭೂತಗನ್ನಡಿ ಅಂತಲೇ ಕರೆಯುತ್ತಿದ್ದರು. ಪಾಪ, ಅಂಗಿ ಲೋಟಗಳ ವಿಷಯದಲ್ಲಿ ಅವನ ಕಣ್ಣು ಎಂದೂ ಮೋಸ ಹೋದದ್ದಿಲ್ಲ. ಕಿವಿಯ ವಿಷಯದಲ್ಲಿ ಮಾತ್ರ ಅವನ ಗ್ರಹಚಾರ ಕೆಟ್ಟಿತ್ತು.

ಆವತ್ತು ಅವನು ಬಾಗಿಲೊಳಗೆ ಕಾಲಿಡುತ್ತಲೇ ಮಾಲೀಕರು ಹಿಡಿದುಕೊಂಡರು.

“ಬಾಪ್ಪಾ, ಬಾ. ಆ ಹೆಂಗಸು ಮತ್ತೆ ಫೋನ್ ಮಾಡಿದ್ರು.”

ಆ ಹೆಂಗಸು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಕಂತು ಮುಗಿದ ಮರುದಿನ ನೇರ ಮಾಲೀಕರ ಕೋಣೆಗೇ ಫೋನು ಬರುತ್ತಿತ್ತು. ಹೆಸರು ಕೇಳಿದರೆ, “ಹೆಸರು ತಗೊಂಡು ಏನ್ಮಾಡ್ತೀರಿ? ಕಿವಿ ಸರಿಮಾಡಿ” ಎಂದು ಗದರಿಸುತ್ತಿದ್ದರಂತೆ.

“ಇವತ್ತು ಸಂಜೆ ಅವರನ್ನ ಇಲ್ಲಿಗೇ ಕರೆದಿದ್ದೀನಿ. ನೀನೇ ಉತ್ತರ ಹೇಳು. ಅವರು ಒಪ್ಪಿದ್ರೆ ಸರಿ. ಒಪ್ಪದೇ ಹೋದ್ರೆ ನಿನ್ನ ಕುರ್ಚಿಗೆ ಬೇರೆಯವರನ್ನ ನೋಡ್ಕೋತೀನಿ.”

ಈ ಕೆಲಸ ಹೋದರೆ ಭೂತಗನ್ನಡಿಗೆ ಬೇರೇನು ಬರುತ್ತದೆ? ತಪ್ಪು ಹುಡುಕುವುದು ಎಲ್ಲರೂ ಪುಕ್ಕಟೆ ಮಾಡುವ ಕೆಲಸ, ಅದಕ್ಕೆ ಸಂಬಳ ಕೊಡುವ ಪುಣ್ಯಾತ್ಮರು ಊರಲ್ಲಿ ಇವರೊಬ್ಬರೇ. ಅವನ ಮನೆ ನಡೆಯುತ್ತಿದ್ದದ್ದೂ ಅದರಲ್ಲೇ.

ಅವನು ಕಂತನ್ನು ಮತ್ತೆ ಹಾಕಿ ಕಣ್ಣಗಲಿಸಿ ನೋಡಿದ. ವಿಚಿತ್ರವೆಂದರೆ, ತಪ್ಪಾಗಿದ್ದ ನಡುಮನೆಯ ತಾತನೇ ಅವನಿಗೆ ಸರಿಯಾಗಿ ಕಂಡ. ಆ ಮುಖ ನೋಡಿದರೆ ಏನೋ ಹಳೇ ಪರಿಚಯ, ಮನಸ್ಸಿಗೊಂದು ನೆಮ್ಮದಿ. ತಪ್ಪಿದೆ ಅಂತ ಬುದ್ಧಿ ಹೇಳಿದರೂ ಕಣ್ಣು ಒಪ್ಪಲೊಲ್ಲದು.

“ಅಕ್ಕಾ, ಇದರಲ್ಲಿ ತಪ್ಪು ಕಾಣ್ಸುತ್ತಾ ನಿಮಗೆ?” ಎಂದು ಪಕ್ಕದ ಮೇಜಿನ ಚಿತ್ರಗಾರ್ತಿಯನ್ನು ಕೇಳಿದ. ಧಾರಾವಾಹಿಯ ಮುಖಗಳನ್ನೆಲ್ಲ ಬರೆದವಳು ಅವಳೇ.

“ಎಮ್ಮೆಯಷ್ಟು ದೊಡ್ಡದಾಗಿ ಕಾಣ್ಸುತ್ತೆ. ನಾನು ಮುಖ ಒಂದು ಕಡೆಗೆ ಮಾತ್ರ ಬರೆಯೋದು. ತಾತ ಆ ಕಡೆ ತಿರುಗಬೇಕಾದ್ರೆ ಕಂಪ್ಯೂಟರಲ್ಲಿ ಚಿತ್ರಾನೇ ಎಡಬಲ ಮಗುಚಿ ಹಾಕ್ತಾರೆ, ಕೆಲಸ ಉಳಿಯುತ್ತೆ. ಮುಖದ ಜೊತೆ ಮಡಿಕೇನೂ ಆ ಕಡೆ ಹೋಗುತ್ತೆ. ಅದನ್ನ ಹಿಡಿಯೋಕೇ ಅಲ್ವೇನೋ ನೀನಿರೋದು!”

ಅಷ್ಟರಲ್ಲಿ ಕತೆಗಾರ ಮೂಗು ತೂರಿಸಿದ. “ತಲೆ ಕೆಡಿಸ್ಕೋಬೇಡ. ತಾತನಿಗೆ ಅವಳಿ ತಮ್ಮ ಇದ್ದಾನೆ ಅಂದ್ಬಿಡು. ಅಡುಗೆಮನೇಲಿದ್ದೋನು ಅಣ್ಣ, ನಡುಮನೇಲಿದ್ದೋನು ತಮ್ಮ.”

“ಇಬ್ರೂ ಒಂದೇ ಅಜ್ಜೀನ ‘ಲೇ ಇವಳೇ’ ಅಂತ ಕರೀತಾರಲ್ಲ ಸಾರ್?”

ಕತೆಗಾರ ಗಡ್ಡ ಕೆರೆದುಕೊಂಡ. “ಹೌದು, ಅದೊಂದು ತೊಡಕು.”

ಬಣ್ಣ ಹಾಕುವವನದು ಇನ್ನೊಂದು ಸಲಹೆ. ನಡುಮನೆಯಲ್ಲಿ ಕಂಡದ್ದು ಕನ್ನಡಿಯೊಳಗಿನ ತಾತ ಎಂದು ಹೇಳಬೇಕಂತೆ. ಹೇಳಿದ್ದಷ್ಟೇ ಅಲ್ಲ, ತಾತನ ಸುತ್ತ ಚೌಕಟ್ಟು ಬರೆದೂಬಿಟ್ಟ. ಮಧ್ಯಾಹ್ನದ ಹೊತ್ತಿಗೆ ತಾತ ಕನ್ನಡಿಯೊಳಗಿಂದ ಕೈ ಚಾಚಿ ಮೊಮ್ಮಗನ ಬೆನ್ನು ತಟ್ಟುತ್ತಿದ್ದ.

“ಅಯ್ಯೋ, ಇದು ದೆವ್ವದ ಧಾರಾವಾಹಿ ಯಾವಾಗ ಆಯ್ತ್ರೋ?” ಎಂದು ಮಾಲೀಕರು ಕಿರುಚಿಕೊಂಡರು. ಅದರ ಬೈಗುಳವೂ ಭೂತಗನ್ನಡಿಯ ತಲೆಗೇ ಬಂತು.

ಸಂಜೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ನಮಸ್ಕಾರ ಮಾಡಲೆಂದು ಎದ್ದ ಭೂತಗನ್ನಡಿ ಎತ್ತಿದ ಕೈ ಎತ್ತಿದ ಹಾಗೇ ನಿಂತುಬಿಟ್ಟ. ಬಂದವಳು ಅವನ ಅಮ್ಮ.

“ನೀನಾ? ಮನೇಲಿ ನನಗ್ಯಾಕಮ್ಮ ಒಂದು ಮಾತು ಹೇಳ್ಲಿಲ್ಲ?”

“ಹೇಳಿದ್ರೆ ನೀನು ಜಗಳ ಬೇಡ ಅಂತ ತಡೀತಿದ್ದೆ. ಸುಮ್ನಿರು, ನಿನಗೋಸ್ಕರಾನೇ ಬಂದಿದ್ದೀನಿ.” ಅಮ್ಮ ಮಾಲೀಕರ ಕಡೆ ತಿರುಗಿದಳು. “ನೋಡಿ ಸ್ವಾಮಿ, ನನ್ನ ಮಗ ಜೀವ ತೇದು ಆ ಮುಖಗಳನ್ನ ಬರೀತಾನೆ. ನಮ್ಮಪ್ಪನ ಕಿವೀನ ಹಾಗ್ಹಾಗೇ ಇಳಿಸಿದ್ದಾನೆ. ತಪ್ಪು ನೋಡೋಕೆ ಅಂತ ಯಾವನೋ ಸೋಮಾರೀನ ಇಟ್ಕೊಂಡಿದ್ದೀರಲ್ಲ, ಅವನು ಎಲ್ಲಾ ಹಾಳುಮಾಡ್ತಿದ್ದಾನೆ. ಮೊದಲು ಅವನನ್ನ ತೆಗೆದುಹಾಕಿ!”

ಭೂತಗನ್ನಡಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೆಯವರ ತಪ್ಪು ಹುಡುಕುತ್ತೇನೆಂದು ಹೆತ್ತ ತಾಯಿಗೆ ಹೇಳಲು ನಾಚಿಕೆಯಾಗಿ, ಚಿತ್ರ ಬರೆಯುತ್ತೇನೆ ಅಂದುಬಿಟ್ಟಿದ್ದ. ಮೊದಲ ಕಂತಿನಲ್ಲೇ ಅವಳು “ಇದು ನಮ್ಮಪ್ಪನ ಕಿವಿ” ಎಂದು ಕಣ್ಣೊರೆಸಿಕೊಂಡಿದ್ದಳು. ಕಂಡಕಂಡ ಮಗುವಿನ ಮುಖದಲ್ಲಿ ಯಾರದೋ ಮೂಗು ಹುಡುಕುವುದು ಅಮ್ಮನ ಚಾಳಿ, ಇದೂ ಅದೇ ಎಂದುಕೊಂಡು ಅವನು ಸುಮ್ಮನಿದ್ದ.

“ಯಾರು ಅವನು? ತೋರಿಸಿ” ಎಂದಳು ಅಮ್ಮ. ಒಬ್ಬೊಬ್ಬರೂ ತಮ್ಮ ತಮ್ಮ ಪರದೆಯಲ್ಲಿ ಮುಖ ಹುದುಗಿಸಿದರು. ಮಾಲೀಕರು ಕೂಡ ಕೆಮ್ಮಿ ಗೋಡೆ ನೋಡಿದರು.

“ಹೋಗ್ಲಿ, ನೀನೇ ಬರಿಯೋ. ಮಡಿಕೆ ಯಾವ ಕಡೆ ಬರ್ಬೇಕು ಅಂತ ಇವರೆಲ್ಲ ನೋಡ್ಲಿ.”

ಅವನು ಬೆವರೊರೆಸಿಕೊಂಡು ಪೆನ್ಸಿಲ್ ಹಿಡಿದ. ಕಾಗದದ ಮೇಲೆ ಮೂಡಿದ್ದು ಕಿವಿಯೋ ಗೋಡಂಬಿಯೋ ದೇವರೇ ಬಲ್ಲ. ಮಡಿಕೆ ಬೇರೆ ಬಲಗಿವಿಗೆ ಬಂದಿತ್ತು. ಅಮ್ಮ ಕಾಗದ ನೋಡಿದಳು, ಮಗನ ಮುಖ ನೋಡಿದಳು, ಮತ್ತೆ ಕಾಗದ ನೋಡಿದಳು.

ಚಿತ್ರಗಾರ್ತಿಗೆ ತಡೆಯಲಾಗಲಿಲ್ಲ. “ಅಮ್ಮಾ, ಬರೆಯೋಳು ನಾನು, ತಪ್ಪು ನೋಡೋನು ಇವನು. ಪಕ್ಕದಲ್ಲಿ ಕೂತಿರೋ ಇವನ ಕಿವಿ ನೋಡ್ಕೊಂಡೇ ಬರೆದಿದ್ದು. ಆದ್ರೆ ಇವನು ತನ್ನ ಮುಖ ನೋಡೋದು ಕನ್ನಡೀಲಲ್ವಾ? ಅಲ್ಲಿ ಎಡ ಬಲ ಅದಲುಬದಲು. ಚಿತ್ರ ಮಗುಚಿ ಹಾಕಿದಾಗ್ಲೇ ಇವನಿಗೆ ಅದು ಸರಿಯಾಗಿದೆ ಅನ್ಸುತ್ತೆ.”

ಭೂತಗನ್ನಡಿಯ ಕೈ ತಾನಾಗಿ ಕಿವಿಗೆ ಹೋಯಿತು.

“ನನಗೇ ಸುಳ್ಳು ಹೇಳಿದ್ಯೇನೋ?” ಅಮ್ಮನ ದನಿ ಸಣ್ಣದಾಗಿತ್ತು.

“ತಪ್ಪಾಯ್ತಮ್ಮ.”

“ನೀನು ನಿನ್ನ ಮುಖಾನ ಕನ್ನಡೀಲಿ ನೋಡ್ಕೊಂಡೋನು. ನಾನು ನೀನು ಹುಟ್ಟಿದಾಗಿಂದ ಎದುರಿಗೆ ಕೂತು ನೋಡಿದೋಳು. ನಿನ್ನ ಕಣ್ಣಿಗೆ ಇದು ಬೀಳಲ್ಲ ಬಿಡು.” ಅವಳು ಅವನ ಎಡಗಿವಿಯ ಮಡಿಕೆಯನ್ನು ಬೆರಳಲ್ಲಿ ಸವರಿದಳು. ಸದ್ಯ, ಅಮ್ಮ ಕ್ಷಮಿಸಿದಳು, ಇನ್ನು ಕೆಲಸಕ್ಕೇನೂ ಮೋಸವಿಲ್ಲ ಎಂದು ಅವನಿಗೆ ಅನ್ನಿಸಿತು.

ಅಮ್ಮ ಮಾಲೀಕರನ್ನು ನೋಡಿದಳು. “ಸ್ವಾಮಿ, ನಾನು ಹೇಳಿದ ಮಾತು ಹೇಳಿದ್ದೇ. ಮಗ ಅಂತ ಬೇರೆ ನ್ಯಾಯ ಇಲ್ಲ. ತೆಗೀರಿ ಇವನನ್ನ.”

“ಅಮ್ಮಾ!”

“ಗಾಬರಿ ಬೀಳ್ಬೇಡ. ಸಂಬಳ ನಮ್ಮನೆ ಬಿಟ್ಟು ಹೋಗಲ್ಲ.” ಅವಳು ಅವನ ಕುರ್ಚಿ ಎಳೆದುಕೊಂಡು ಕೂತು ಕನ್ನಡಕ ಏರಿಸಿದಳು. “ಎಲ್ಲಿ, ಮುಂದಿನ ಕಂತು ಹಾಕಿ.”

ಮಾಲೀಕರು ಎರಡು ಮಾತಾಡದೆ ತಾವೇ ಓಡಿಹೋಗಿ ಹಾಕಿದರು.

ಭೂತಗನ್ನಡಿ ಚೀಲ ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋದವನು ನಿಂತ. “ಅಕ್ಕಪಕ್ಕದೋರು ಏನು ಕೆಲಸ ಮಾಡ್ತಿದ್ದೀಯಾ ಅಂತ ಕೇಳಿದ್ರೆ ಏನಂತ ಹೇಳ್ಲಮ್ಮ?”

ಅಮ್ಮ ಪರದೆಯಿಂದ ಕಣ್ಣು ಕೀಳಲಿಲ್ಲ. “ಚಿತ್ರ ಬರೀತೀನಿ ಅನ್ನು. ಎಲ್ರೂ ನಂಬ್ಕೊಂಡಿದ್ದಾರೆ. ಮನೆಮನೆಗೂ ಹೇಳ್ಕೊಂಡು ಬಂದಿರೋಳು ನಾನೇ.”