ಕಾಗದದ ಮೇಲೆ ಎಲ್ಲರದ್ದೂ ಗ್ರೈಂಡರ್

ಒರಳು

ಜಪ್ತಿಗೆ ಇಬ್ಬರು ಬಂದರು. ನಾನು ಕಾಫಿ ಕುಡಿಯುತ್ತಿದ್ದೆ.

“ಗ್ರೈಂಡರ್ ಎಲ್ಲಿದೆ ಯಜಮಾನ್ರೇ?” ಎಂದ ದಪ್ಪಗಿದ್ದವನು.

“ಯಾವ ಗ್ರೈಂಡರ್?”

“ನಮ್ಮ ಕಂಪನಿ ಸಾಲದಲ್ಲಿ ತಗೊಂಡಿದ್ದು.”

“ನಾನು ತಗೊಂಡಿದ್ದು ಟಿವಿ.”

ಅವನು ಅಗ್ರಿಮೆಂಟ್ ತೋರಿಸಿದ. ಸಹಿ ನನ್ನದೇ. ಅದರ ಮೇಲೆ ‘ವೆಟ್ ಗ್ರೈಂಡರ್, ಒಂದು’ ಎಂದಿತ್ತು.

ಆದದ್ದು ಇಷ್ಟು. ಕೊಪ್ಪದಲ್ಲಿ ಸಾಲಮೇಳ ನಡೆದಿತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹತ್ತು ಜನ ಸಾಲ ತೆಗೆದುಕೊಂಡೆವು. ಮೊದಲು ಸಹಿ ಹಾಕಿದವರು ಬಸ್‌ಸ್ಟ್ಯಾಂಡ್ ಹತ್ತಿರ ಮೆಸ್ ನಡೆಸುವ ಅಕ್ಕ. ನನಗಿಂತ ಚಿಕ್ಕವರು, ಆದರೆ ಊರಿಗೆಲ್ಲ ಅಕ್ಕ. ಅವರು ತೆಗೆದುಕೊಂಡದ್ದು ನಿಜವಾಗಿಯೂ ಗ್ರೈಂಡರ್. ಅಷ್ಟರಲ್ಲಿ ಕಂಪನಿಯ ಏಜೆಂಟನಿಗೆ ಹಸಿವಾಯಿತು. ಅಕ್ಕನ ಅಗ್ರಿಮೆಂಟನ್ನೇ ಜೆರಾಕ್ಸ್ ಮಾಡಿಸಿ, ಹೆಸರು ಮಾತ್ರ ಬದಲಿಸಿ, ಉಳಿದವರಿಂದ ಸಹಿ ಹಾಕಿಸಿದ. ವಸ್ತುವೂ ಒಂದೇ, ಸಾಲದ ನಂಬರೂ ಒಂದೇ. ನಾವು ಓದಲಿಲ್ಲ. ನಮಗೂ ಹಸಿವಾಗಿತ್ತು.

ಹತ್ತೂ ಜನರ ಕಂತು ಒಂದೇ ನಂಬರಿಗೆ ಜಮಾ ಆಯಿತು. ಯಾರು ಕಟ್ಟಿದ್ದಾರೆ ಎಂದು ಕಂಪನಿಗೆ ತಿಳಿಯಲಿಲ್ಲ. ಯಾರೂ ಕಟ್ಟಿಲ್ಲ ಎಂದು ತೀರ್ಮಾನ ಮಾಡಿ ಜಪ್ತಿಗೆ ಕಳಿಸಿತು.

“ಹಾಗಾದ್ರೆ ಟಿವಿ ತಗೊಂಡು ಹೋಗ್ತೀವಿ” ಎಂದ ಸಣಕಲ.

“ಟಿವಿ ನಿಮ್ಮ ಕಾಗದದಲ್ಲಿ ಇಲ್ಲ.”

ನನ್ನ ಹೆಂಡತಿ ಒಳಗಿನಿಂದ, “ರುಬ್ಬೋದೇ ಬೇಕಾದ್ರೆ ಹಿಂದುಗಡೆ ಇದೆ, ಬನ್ನಿ” ಎಂದು ಕರೆದಳು. ಅವಳ ಅತ್ತೆಯ ಕಾಲದ ಒರಳುಕಲ್ಲು. ದಪ್ಪಗಿದ್ದವನು ಬಗ್ಗಿ ಕೈ ಹಾಕಿದ. ಬಗ್ಗಿದವನು ಹಾಗೇ ಉಳಿದ.

ಹೆಂಡತಿ ಎಣ್ಣೆ ಬಿಸಿ ಮಾಡಿ ಕೊಟ್ಟಳು. ಸಣಕಲ ಅವನ ಸೊಂಟಕ್ಕೆ ತಿಕ್ಕಿದ.

ಹಿಟ್ಟು

ಅಲ್ಲಿಂದ ಅವರು ಅಕ್ಕನ ಮೆಸ್ಸಿಗೆ ಹೋದರು. ನಾನೂ ಹಿಂದೆ ಹೋದೆ. ನಗುವ ವಿಷಯವಲ್ಲ. ಗ್ರೈಂಡರ್ ಹೋದರೆ ಅಕ್ಕ ಮೆಸ್ಸಿನ ಬಾಗಿಲು ಹಾಕಬೇಕು. ಬೇರೆ ದುಡಿಮೆ ಇಲ್ಲ.

ಗ್ರೈಂಡರ್ ತಿರುಗುತ್ತಿತ್ತು.

“ಅರ್ಧ ರುಬ್ಬಿದೆ ತಮ್ಮ. ಮುಗೀಲಿ, ತಗೊಂಡು ಹೋಗಿ. ಇಡ್ಲಿ ತಿನ್ನಿ ಅಷ್ಟರಲ್ಲಿ” ಎಂದರು ಅಕ್ಕ.

ಕೂತರು. ತಿಂದರು. ಕರೆಂಟ್ ಹೋಯಿತು.

“ಯಾವಾಗ ಬರುತ್ತೆ?”

“ಹೇಳಿ ಹೋಗಲಿಲ್ಲ.”

ಸಣಕಲ ಎದ್ದ. “ಹಾಗೇ ಎತ್ಕೊಂಡು ಹೋಗ್ತೀವಿ ಅಕ್ಕ.”

“ಹಿಟ್ಟಿನ ಸಮೇತವಾ? ನಿಮ್ಮ ಕಾಗದದಲ್ಲಿ ಹಿಟ್ಟು ಇದೆಯಾ ನೋಡಿ.”

ಅವನು ನಿಜವಾಗಿಯೂ ನೋಡಿದ. ಹಿಟ್ಟು ಇರಲಿಲ್ಲ. ಮತ್ತೆ ಕೂತ.

ಮಧ್ಯಾಹ್ನ ಅಲ್ಲೇ ಊಟ ಮಾಡಿದರು. ಸಂಜೆ ಅಲ್ಲೇ ಬನ್ಸ್ ತಿಂದರು. ಕರೆಂಟ್ ಬರಲಿಲ್ಲ. ಚಿಕ್ಕಮಗಳೂರಿನ ಕೊನೆಯ ಬಸ್ ಹಾರ್ನ್ ಹಾಕಿತು. ಅಕ್ಕ ಬಿಲ್ ಕೊಟ್ಟರು. ದುಡ್ಡು ಕೊಟ್ಟು ಓಡಿದರು.

ಜಪ್ತಿಯ ದಿನ ಮೆಸ್ಸಿನಲ್ಲಿ ಒಳ್ಳೆಯ ವ್ಯಾಪಾರ.

ಇದ್ದಲ್ಲೇ ಇರತಕ್ಕದ್ದು

ನಾವೆಲ್ಲ ಸೇರಿ ಚಿಕ್ಕಮಗಳೂರಿನ ಗ್ರಾಹಕರ ಕೋರ್ಟಿಗೆ ಹೋದೆವು. ಅಗ್ರಿಮೆಂಟ್ ತಪ್ಪು, ರದ್ದು ಮಾಡಿ ಎಂದು ಕೇಳಿದೆವು. ನಮ್ಮ ವಕೀಲ ಹುಡುಗ. ಮೊದಲನೇ ಕೇಸು.

ಅದೇ ದಿನ ಮಧ್ಯಂತರ ಆದೇಶ ಸಿಕ್ಕಿತು. ತೀರ್ಪು ಬರುವವರೆಗೆ ಗ್ರೈಂಡರುಗಳು ಈ ದಿನ ಎಲ್ಲಿವೆಯೋ ಅಲ್ಲೇ ಇರಬೇಕು. ಕಂಪನಿ ಮುಟ್ಟಬಾರದು, ನಾವು ಕದಲಿಸಬಾರದು.

“ನಂದು ಸ್ಕೂಟರ್” ಎಂದ ನರಸಿಂಹರಾಜಪುರದವನೊಬ್ಬ.

“ಕಾಗದದಲ್ಲಿ ಗ್ರೈಂಡರ್. ಒಂದಿಂಚು ಕದಲಬಾರದು” ಎಂದ ವಕೀಲ.

“ಅದು ಕೊಪ್ಪ ಬಸ್‌ಸ್ಟ್ಯಾಂಡಲ್ಲಿದೆ ಮಾರಾಯ. ಅಲ್ಲಿ ನಿಲ್ಸಿ ಬಸ್ ಹತ್ತಿ ಬಂದೆ.”

“ಹಾಗಾದ್ರೆ ಅಲ್ಲೇ ಇರಬೇಕು.”

ಆಮೇಲೆ ಅವನು ವಾರಕ್ಕೊಮ್ಮೆ ಬಸ್ಸಿನಲ್ಲಿ ಕೊಪ್ಪಕ್ಕೆ ಬರುತ್ತಿದ್ದ. ಸ್ಕೂಟರ್ ಒರೆಸುತ್ತಿದ್ದ. ಅದರ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದ. ಬಸ್ಸಿನಲ್ಲಿ ವಾಪಸ್ ಹೋಗುತ್ತಿದ್ದ.

ಆದೇಶದ ದಿನ ಅವನನ್ನು ನೋಡಿ ನಾನು ನಕ್ಕಿದ್ದೆ. ಅದೇ ಸಂಜೆ ಮನೆಗೆ ಬಂದರೆ ನನ್ನ ಟಿವಿ ಇರಲಿಲ್ಲ.

“ಪಕ್ಕದ ಮನೆಗೆ ಕೊಟ್ಟಿದ್ದೆ. ಮಗಳ ಮದುವೆ ಸಿಡಿ ನೋಡ್ಬೇಕಂತೆ, ಅವರದ್ದು ಕೆಟ್ಟಿದೆಯಂತೆ” ಎಂದಳು ಹೆಂಡತಿ.

“ಯಾವಾಗ ಕೊಟ್ಟೆ?”

“ಬೆಳಿಗ್ಗೆ. ನೀವು ಬಸ್ ಹತ್ತಿದ ಮೇಲೆ.”

ಪಕ್ಕದ ಮನೆಯವನಿಗೂ ನನಗೂ ಮಾತಿಲ್ಲ. ಹಲಸಿನ ಕೊಂಬೆಯ ವಿಷಯ. ವರ್ಷಗಳೇ ಆಗಿದ್ದವು. ಆದರೆ ಆದೇಶ ಆದೇಶ. ಹೆಂಡತಿ ದಿನಾ ಧಾರಾವಾಹಿಗೆ ಅಲ್ಲಿಗೆ ಹೋಗುತ್ತಿದ್ದಳು. ನಾನು ವಾರ್ತೆಗೆ ಹೋಗಿ ಬೆಂಚಿನ ತುದಿಯಲ್ಲಿ ಸುಮ್ಮನೆ ಕೂರುತ್ತಿದ್ದೆ. ಒಂದು ದಿನ ವಾರ್ತೆಯ ನಡುವೆ ಅವನು ಚಾನೆಲ್ ಬದಲಿಸಿದ.

“ನನ್ನ ಟಿವಿ” ಎಂದೆ.

“ನನ್ನ ಕರೆಂಟ್” ಎಂದ.

ನಾವು ಮತ್ತೆ ಮಾತು ಶುರು ಮಾಡಿದ್ದು ಹೀಗೆ.

ಎಂತ ರುಬ್ಬುತ್ತೀರಿ

ಕೇಸು ಮುಂದೆ ಮುಂದೆ ಹೋಯಿತು. ಕಡೆಗೆ ವಿಚಾರಣೆಗೆ ಕರೆದರು. ವಕೀಲ ಬಸ್ಸಿನಲ್ಲೇ ಎಚ್ಚರಿಸಿದ್ದ. “ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಹೆಚ್ಚು ಮಾತಾಡಬೇಡಿ.” ನನಗೆ ಅದು ಕಷ್ಟವಲ್ಲ.

ಕೋರ್ಟಿನ ಅಧ್ಯಕ್ಷರು ಕೇಳಿದರು. “ನಿಮ್ಮ ಗ್ರೈಂಡರ್ ಸರಿಯಾಗಿದೆಯೇ?”

“ಇದೆ ಸ್ವಾಮಿ.”

“ಎಲ್ಲಿದೆ?”

“ಪಕ್ಕದ ಮನೆಯಲ್ಲಿ.”

“ದಿನಾ ಉಪಯೋಗಿಸುತ್ತೀರಾ?”

“ಸಂಜೆ ಮಾತ್ರ. ಭಾನುವಾರ ಇಲ್ಲ.”

“ಏನು ರುಬ್ಬುತ್ತೀರಿ?”

“ಅತ್ತೆ ಸೊಸೆ ಜಗಳ.”

ಅಧ್ಯಕ್ಷರು ಕನ್ನಡಕ ತೆಗೆದರು. ನನ್ನನ್ನು ಬಿಟ್ಟು ನರಸಿಂಹರಾಜಪುರದವನ ಕಡೆ ತಿರುಗಿದರು.

“ನಿಮ್ಮ ಗ್ರೈಂಡರ್?”

“ಬಸ್‌ಸ್ಟ್ಯಾಂಡಲ್ಲಿ ನಿಂತಿದೆ ಸ್ವಾಮಿ. ಹಿಂದಿನ ಚಕ್ರ ಪಂಕ್ಚರ್.”

ತೀರ್ಪು

ತೀರ್ಪಿನ ದಿನ ಬಸ್ಸಿನಲ್ಲಿ ಎಲ್ಲರದ್ದೂ ಗಲಾಟೆ. ಅಕ್ಕ ಮಾತ್ರ ಸುಮ್ಮನಿದ್ದರು.

“ಎಂತ ಅಕ್ಕ?”

“ಇವತ್ತು ಅಕ್ಕಿ ನೆನೆಹಾಕಲಿಲ್ಲ ಮಾರಾಯ್ರೆ. ಗ್ರೈಂಡರ್ ಇರ್ತದೋ ಇಲ್ವೋ.”

ನಮಗೆ ಆಗ ಹೊಳೆಯಿತು. ನಮ್ಮ ಒಂಬತ್ತು ಅಗ್ರಿಮೆಂಟ್ ತಪ್ಪು. ಅಕ್ಕನದೊಂದು ಸರಿ. ನಾವು ಗೆದ್ದರೂ ಅಕ್ಕ ಸೋಲಬಹುದು.

ಕಂಪನಿಯ ವಕೀಲನೂ ಅದನ್ನೇ ಹಿಡಿದ. “ಉಳಿದವು ಹೋಗಲಿ ಸ್ವಾಮಿ. ಈ ಒಂದು ಸರಿಯಿದೆ. ಗ್ರೈಂಡರ್ ಎಂದಿದೆ, ಗ್ರೈಂಡರೇ ಇದೆ. ಜಪ್ತಿಗೆ ಅಪ್ಪಣೆ ಕೊಡಿ.”

“ಈ ನಂಬರಿಗೆ ಕಂತು ಬಂದಿಲ್ಲವೇ?” ಎಂದರು ಅಧ್ಯಕ್ಷರು.

ವಕೀಲ ಕಂಪನಿಯವರ ಜೊತೆ ಪಿಸುಗುಟ್ಟಿದ. “ಬಂದಿದೆ ಸ್ವಾಮಿ.”

“ಎಷ್ಟು?”

ಮತ್ತೆ ಪಿಸುಗುಟ್ಟಿದ. “ಏಳು ಗ್ರೈಂಡರಿಗೆ ಆಗುವಷ್ಟು.”

“ಒಂದು ಗ್ರೈಂಡರಿಗೆ ಇನ್ನೂ ಎಷ್ಟು ಬೇಕಿತ್ತು ನಿಮಗೆ?”

ಅವನು ಕೂತ.

ಅಕ್ಕನ ಸಾಲ ತೀರಿದೆ ಎಂದು ತೀರ್ಪಾಯಿತು. ಉಳಿದವರ ಅಗ್ರಿಮೆಂಟ್ ರದ್ದು. ಕಂಪನಿ ಬಡ್ಡಿ ಬಿಟ್ಟು, ಅವರವರ ರಸೀದಿ ನೋಡಿ ಲೆಕ್ಕ ಹಿಡಿದು, ಸರಿಯಾದ ವಸ್ತು ನಮೂದಿಸಿ ಬೇರೆ ಅಗ್ರಿಮೆಂಟ್ ಮಾಡಿಕೊಳ್ಳಬೇಕು.

ಅಕ್ಕ ಎದ್ದು ಹೊರಗೆ ಹೋದರು. ಅಳಲಿಕ್ಕಿರಬೇಕು ಎಂದುಕೊಂಡೆವು. ನೋಡಿದರೆ ಎದುರಿನ ಎಸ್‌ಟಿಡಿ ಬೂತಿನಲ್ಲಿದ್ದರು. ಮೆಸ್ಸಿನ ಕೆಲಸದವಳಿಗೆ ಫೋನು.

“ಅಕ್ಕಿ ನೆನೆಹಾಕು. ಉದ್ದು ಬೇರೆ. ಹತ್ತು ಜನ ಜಾಸ್ತಿ.”

ಮರುದಿನ ಬೆಳಿಗ್ಗೆ ಎಲ್ಲರೂ ಅಲ್ಲಿ ಇಡ್ಲಿ ತಿಂದೆವು. ಅಕ್ಕ ದುಡ್ಡು ಮುಟ್ಟಲಿಲ್ಲ. ನರಸಿಂಹರಾಜಪುರದವನು ಪಂಕ್ಚರ್ ಹಾಕಿಸಿಕೊಂಡು ಸ್ಕೂಟರಿನಲ್ಲೇ ಊರಿಗೆ ಹೋದ.

ಹೊಸ ಅಗ್ರಿಮೆಂಟ್ ತಿಂಗಳು ಬಿಟ್ಟು ಬಂತು. ಈ ಸಲ ಓದಿ ಸಹಿ ಹಾಕಿ ಎಂದಿದ್ದ ವಕೀಲ. ಓದಿದೆ. ‘ಹೊಲಿಗೆ ಯಂತ್ರ, ಒಂದು’ ಎಂದಿತ್ತು.

ಸಹಿ ಹಾಕಿದೆ.