ನೆರಳು ಹುಡುಕಿ ಹೊರಟ ಹೈಡ್ರೇಂಜಿಯಾ

"ನಡಿ! ನಿಲ್ಲು! ಬಲಕ್ಕ ಹೊರಳು! ಶಭಾಷ್!"

ಬೇಸಿಗೆ ರಜೆಯ ಮೊದಲ ದಿನ, ಬೆಳಿಗ್ಗೆ ಏಳು ಗಂಟೆಗೆ, ನಮ್ಮ ಮನೆಯವರು ಅಂಗಳದಲ್ಲಿ ನಿಂತು ಹೀಗೆ ಆಜ್ಞೆ ಕೊಡುತ್ತಿದ್ದರು. ಆ ಆಜ್ಞೆಗಳನ್ನು ಪಾಲಿಸುತ್ತಿದ್ದದ್ದು ಒಂದು ಹೂಕುಂಡ. ಹಳೆಯ ಸೂಟ್‌ಕೇಸಿನ ನಾಲ್ಕು ಗಾಲಿಗಳ ಮೇಲೆ ಅದು ಗಿರಗಿರನೆ ತಿರುಗುತ್ತಿತ್ತು. ನಾನು ಚಹಾದ ಲೋಟ ಹಿಡಿದು ಹೊಸ್ತಿಲಲ್ಲೇ ಕೂತೆ.

ನಾನು ಸುಗಲಾ, ಬಾಗಲಕೋಟೆಯ ಸರ್ಕಾರಿ ಶಾಲೆಯೊಂದರ ಟೀಚರು. ವರ್ಷವಿಡೀ ಅರವತ್ತೆರಡು ಮಕ್ಕಳ ಗದ್ದಲ ಕೇಳುವ ನನಗೆ ಇರುವುದು ಒಂದೇ ಆಸೆ. ರಜೆಯಲ್ಲಾದರೂ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಯಾರ ಕಾಟವೂ ಇಲ್ಲದೆ ಮಲಗಬೇಕು. ಇಪ್ಪತ್ತಾರು ವರ್ಷಗಳಿಂದ ಅದಕ್ಕೆ ಅಡ್ಡ ಬಂದಿರುವುದು ನನ್ನ ಗಂಡ ಗುರುಪಾದಪ್ಪನವರ ಬುದ್ಧಿವಂತಿಕೆ. ಕಾರ್ಖಾನೆಯ ಫಿಟ್ಟರ್ ಕೆಲಸದಿಂದ ನಿವೃತ್ತರಾದರು, ಆದರೆ ಸ್ಪ್ಯಾನರ್ ಕೆಳಗಿಡಲಿಲ್ಲ. ಅವರು ರೊಟ್ಟಿ ಬಡಿಯುವ ಯಂತ್ರ ಮಾಡಿದ ವರ್ಷ ನಾವು ರೊಟ್ಟಿಗಳನ್ನು ಸೀಲಿಂಗ್ ಫ್ಯಾನಿನಿಂದ ಇಳಿಸಿಕೊಂಡು ತಿಂದೆವು.

ಮೂರು ವರ್ಷದ ಹಿಂದೆ ಊಟಿಗೆ ಹೋಗಿದ್ದೇ ತಪ್ಪಾಯಿತು. ಅಲ್ಲಿ ಎಲೆಕೋಸಿನಷ್ಟು ದೊಡ್ಡ ಗೊಂಚಲು ಬಿಡುವ ಹೈಡ್ರೇಂಜಿಯಾ ನೋಡಿ ಇವರು ಮರುಳಾದರು. ಬಾಗಲಕೋಟೆಯವರು ಎಂದು ಕೇಳಿ ನರ್ಸರಿಯವನು ನಕ್ಕುಬಿಟ್ಟ. "ನಿಮ್ಮ ಊರಲ್ಲಿ ಆಗುವುದಿಲ್ಲ" ಎಂದ. ಆಗುವುದಿಲ್ಲ ಎಂಬ ಮಾತನ್ನು ನಮ್ಮ ಮನೆಯವರಿಗೆ ಯಾರೂ ಹೇಳಬಾರದು! ಅಂದಿನಿಂದ ಆರು ಗಿಡ ತಂದರು, ಆರೂ ಸುಟ್ಟು ಹಪ್ಪಳವಾದವು. ಏಳನೆಯದು ಬಚ್ಚಲಿನ ಪಕ್ಕದ ತಂಪಿನಲ್ಲಿ ಹೇಗೋ ಬದುಕಿ, ತುದಿಯಲ್ಲಿ ಕಡಲೆಕಾಳಿನಷ್ಟು ಮೊಗ್ಗು ಹಿಡಿದಿತ್ತು.

ಆರನೆಯದು ಸತ್ತ ದಿನ ನಾನು ಒಂದು ಕರಾರು ಬರೆಸಿಕೊಂಡಿದ್ದೆ. ಏಳನೆಯದೂ ಹೂ ಬಿಡದೆ ಹೋದರೆ ಇವರು ಜನ್ಮದಲ್ಲಿ ಮತ್ತೆ ಯಂತ್ರ ಮುಟ್ಟುವಂತಿಲ್ಲ. ಹೂ ಬಿಟ್ಟರೆ ನಾನು ಜನ್ಮದಲ್ಲಿ ಮತ್ತೆ ಯಂತ್ರದ ಬಗ್ಗೆ ಚಕಾರ ಎತ್ತುವಂತಿಲ್ಲ. ಇಬ್ಬರೂ ಸಹಿ ಹಾಕಿದ್ದೆವು.

"ನೋಡು ಸುಗಲಾ, ಇದಕ್ಕ ಬೆಳಗಿನ ಬಿಸಲು ಬೇಕು, ಮಧ್ಯಾಹ್ನದ್ದು ಆಗೂದಿಲ್ಲ. ನಮ್ಮ ಓಣ್ಯಾಗ ಒಂದ ಗಿಡಾ ಇಲ್ಲ, ನೆರಳು ಎಲ್ಲಿಂದ ತರೂದು? ಅದಕ್ಕ ಇದ ತಾನ ನೆರಳು ಹುಡುಕಿಕೊಂಡು ಹೋಗ್ತೈತಿ! ಎಲಿ ಬಾಡಿದ್ರ ತಾನ ನೀರೂ ಕೇಳ್ತೈತಿ! ಕಲಿಯೂ ಯಂತ್ರ ಇದು. ಎಲ್ಲಿ ತಂಪು ಸಿಗ್ತದ, ಹ್ಯಾಂಗ ಕೇಳಿದ್ರ ನೀರು ಸಿಗ್ತದ, ಎಲ್ಲಾ ನೆನಪ ಇಟ್ಕೊಂತೈತಿ!"

ಆಗಲೇ ಎದುರುಮನೆಯ ಹನಮಗೌಡರು ಪೇಪರ್ ಕೇಳಲು ಬಂದರು. ಗೌಡರದು ಬಾಗಿಲು ತುಂಬುವ ದೇಹ, ಅದಕ್ಕೆ ತಕ್ಕ ನೆರಳು. ಕುಂಡ ಒಂದು ಕ್ಷಣ ಯೋಚಿಸಿತು. ಸರ್ರನೆ ಹೋಗಿ ಅವರ ನೆರಳಿನಲ್ಲಿ ನಿಂತಿತು. ಗೌಡರು ಸರಿದರೆ ಅದೂ ಸರಿಯಿತು. ಗೌಡರು ಓಡಿದರೆ ಅದೂ ಓಡಿತು!

"ಗುರುಪಾದಪ್ಪಾ! ಹಿಡಿಯೋ ಇದನ್ನ! ಬೆನ್ನ ಹತ್ತೇತಿ!"

"ಓಡಬ್ಯಾಡ್ರಿ ಗೌಡ್ರ, ನಿಂತ ನೆರಳು ಕೊಡ್ರಿ! ಪುಣ್ಯಾ ಬರ್ತದ!"

ಆಗ ಕುಂಡದೊಳಗಿನ ಸ್ಪೀಕರ್ ಬಾಯಿ ಬಿಟ್ಟಿತು. "ಯವ್ವಾ, ಸಾಕಾಗೇತಿ... ಒಂದು ತಂಬಿಗಿ ನೀರು ಕೊಡ್ರಿ..."

ಅದು ನನ್ನ ಧ್ವನಿ! ಶಾಲೆಯಿಂದ ಬರುವಾಗ ದಣಿದು ಇವರಿಗೆ ನಾನು ಕಳಿಸಿದ್ದ ಧ್ವನಿಸಂದೇಶಗಳನ್ನೆಲ್ಲ ಕೂಡಿಸಿ ಇವರು ಗಿಡದ ಬಾಯಿಗೆ ತುಂಬಿದ್ದರು.

"ನಿಮಗ ಬ್ಯಾರೆ ಯಾರ ಧ್ವನಿನೂ ಸಿಗಲಿಲ್ಲೇನ್ರಿ?"

"ನಿನ್ನಷ್ಟು ದಣಿದ ಧ್ವನಿ ಎಲ್ಲಿ ಸಿಗಬೇಕ? ಕೇಳಿದವರ ಕರುಳು ಚುರ್ ಅನಬೇಕು!"

ಚುರ್ ಎಂದಿತು, ಬಹಳವೇ ಎಂದಿತು. ಅಂದು ಮಧ್ಯಾಹ್ನ ನಾನು ಕಣ್ಣು ಮುಚ್ಚುವಷ್ಟರಲ್ಲಿ ಕುಂಡ ಗೇಟು ದಾಟಿ ಪಕ್ಕದ ಮೆಹರುನ್ನಿಸಾಳ ಕಟ್ಟೆ ಸೇರಿತ್ತು. ನಮ್ಮ ಕಡೆ ಬಾಗಿಲಿಗೆ ಬಂದು ಯಾರಾದರೂ ನೀರು ಕೇಳಿದರೆ ಇಲ್ಲ ಎನ್ನುವವರಿಲ್ಲ. ವೈರಿಯಾದರೂ ಸರಿ, ಮೊದಲು ನೀರು ಕೊಟ್ಟು, ಜೊತೆಗೊಂದು ತುಂಡು ಬೆಲ್ಲ ಕೊಟ್ಟು, ಆಮೇಲೆ ಜಗಳ. ಮೆಹರುನ್ನಿಸಾ ಅತ್ತಿತ್ತ ನೋಡಿದಳು. ಕೇಳುತ್ತಿರುವುದು ಗಿಡ ಎಂದು ಗೊತ್ತಾದ ಮೇಲೂ ಅವಳಿಗೆ ಇಲ್ಲ ಎನ್ನಲು ಮನಸ್ಸಾಗಲಿಲ್ಲ. ಒಂದು ತಂಬಿಗೆ ನೀರು ಹಾಕಿ, ಬುಡದಲ್ಲಿ ಬೆಲ್ಲದ ತುಂಡನ್ನೂ ಇಟ್ಟಳು.

ಕಲಿಯುವ ಯಂತ್ರ ತಕ್ಷಣ ಕಲಿಯಿತು. ಸಂಜೆಯೊಳಗೆ ಹನ್ನೊಂದು ಮನೆ, ಹನ್ನೊಂದು ತಂಬಿಗೆ, ಹನ್ನೊಂದು ತುಂಡು ಬೆಲ್ಲ! ಅದು ಮನೆಗೆ ಮರಳಿದಾಗ ಹಿಂದೆ ಇಡೀ ಓಣಿಯ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು.

ಇರುವೆಗಳ ಹಿಂದೆ ಮೆಹರುನ್ನಿಸಾ ಬಂದಳು. ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು. "ಟೀಚರ್, ಖರೇ ಹೇಳ್ರಿ. ಮನ್ಯಾಗ ನಿಮಗೇನರ ತ್ರಾಸ ಐತೇನ್ರಿ? ಆ ಧ್ವನಿ ಕೇಳಿ ನಂಗ ಊಟಾನ ಸೇರಲಿಲ್ಲ."

"ತ್ರಾಸ ಏನಿಲ್ಲವ್ವಾ. ಒಂದಿಷ್ಟು ನಿದ್ದಿ ಇಲ್ಲ, ಅಷ್ಟ" ಎಂದೆ. ಅವಳು ಇನ್ನೂ ಹೆಚ್ಚು ಮರುಗಿದಳು.

ಮೂರು ದಿನ ಇದೇ ನಡೆಯಿತು. ಕುಂಡದೊಳಗೆ ಕೆಸರೋ ಕೆಸರು. ಕೆಳಗಿನ ಎಲೆಗಳು ಹಳದಿಯಾದವು. ಬೇರು ಉಸಿರುಗಟ್ಟಿದ ಗಿಡ ಇನ್ನಷ್ಟು ಬಾಡಿತು, ಬಾಡಿದಷ್ಟೂ ಯಂತ್ರ ನೀರು ಕೇಳಿತು, ಜನ ಇನ್ನಷ್ಟು ನೀರು ಹಾಕಿದರು.

"ನೀರು ಸಾಲವಲ್ದು! ವಾಲ್ಯೂಮ್ ಏರಸಬೇಕು!" ಎಂದರು ಇವರು.

ನನಗೆ ನಿಜ ಗೊತ್ತಿತ್ತು. ಬಚ್ಚಲಿನ ಪಕ್ಕ ಇದ್ದಾಗ ಆ ಗಿಡವನ್ನು ದಿನಾ ನೋಡಿದ್ದೆ. ಮಧ್ಯಾಹ್ನ ಎಲೆಗಳೆಲ್ಲ ಜೋತುಬೀಳುತ್ತಿದ್ದವು. ಯಾರೂ ಮುಟ್ಟದಿದ್ದರೆ ಸಂಜೆ ಐದಕ್ಕೆ ತಾವಾಗಿಯೇ ಎದ್ದು ನಿಲ್ಲುತ್ತಿದ್ದವು. ಅದಕ್ಕೆ ಆ ಹೊತ್ತಿನಲ್ಲಿ ಬೇಕಾದದ್ದು ನೀರಲ್ಲ, ವಿಶ್ರಾಂತಿ. ಬೆಳಿಗ್ಗೆ ಒಂದು ತಂಬಿಗೆ ಹಾಕಿ, ಬುಡಕ್ಕೆ ಒಣಗಿದ ಎಲೆ ಹೊದಿಸಿದರೆ ಮುಗಿಯಿತು.

ಆದರೆ ನಾನು ಬಾಯಿ ಬಿಡಲಿಲ್ಲ. ಇನ್ನೆರಡು ದಿನ ಹೀಗೇ ನಡೆದರೆ ಗಿಡ ಕೊಳೆಯುತ್ತದೆ, ಕರಾರಿನಂತೆ ನನ್ನ ಉಳಿದ ಆಯುಷ್ಯವೆಲ್ಲ ನೆಮ್ಮದಿ! ಹೀಗೆ ಲೆಕ್ಕ ಹಾಕುತ್ತ ಮಲಗಿದೆ. ನಿದ್ದೆ ಮಾತ್ರ ಬರಲಿಲ್ಲ. ಎಲ್ಲೋ ಓಣಿಯ ಕೊನೆಯಿಂದ ನನ್ನದೇ ಧ್ವನಿ "ಸಾಕಾಗೇತಿ" ಎನ್ನುತ್ತಿತ್ತು.

ಐದನೆಯ ದಿನ ಹನಮಗೌಡರ ಮಗಳ ಮದುವೆ. ರಸ್ತೆಗೆ ಅಡ್ಡಲಾಗಿ ಪೆಂಡಾಲು ಹಾಕಿದ್ದರು. ಹೊರಗೆ ನಲವತ್ತೆರಡು ಡಿಗ್ರಿ, ವೇದಿಕೆಯ ಮೇಲೆ ಮಾತ್ರ ಎರಡು ದೊಡ್ಡ ಕೂಲರುಗಳು ತುಂತುರು ಹಾರಿಸುತ್ತಿದ್ದವು. ಇಡೀ ಬಾಗಲಕೋಟೆಯಲ್ಲಿ ಊಟಿಯನ್ನು ಸ್ವಲ್ಪವಾದರೂ ಹೋಲುವ ಜಾಗ ಅದೊಂದೇ ಎಂದು ನಮ್ಮ ಕುಂಡ ಪತ್ತೆ ಮಾಡಿತು. ಅಕ್ಷತೆ ಬಿದ್ದು ಊಟದ ಪಂಕ್ತಿ ಕೂತ ಹೊತ್ತಿಗೆ, ಅಡುಗೆಯವರು ವೇದಿಕೆಗೆ ಒರಗಿಸಿಟ್ಟಿದ್ದ ಹಲಗೆ ಏರಿ ವೇದಿಕೆ ಹತ್ತಿ, ಮದುಮಗಳ ಪಕ್ಕದಲ್ಲಿ, ಮೈಕಿನ ಕೆಳಗೇ ಬಂದು ನಿಂತಿತು!

"ಯವ್ವಾ! ಸಾಕಾಗೇತಿ! ಜೀವಾ ಹೋಗಾಕತ್ತೈತಿ! ನೀರು ಕೊಡ್ರಿ!"

ಎಂಟು ಸ್ಪೀಕರುಗಳಲ್ಲಿ ನನ್ನ ಧ್ವನಿ! ಎಂಟುನೂರು ಜನ ಊಟದ ಎಲೆ ಬಿಟ್ಟು ಎದ್ದರು. "ಸುಗಲಾ ಟೀಚರ್‌ಗೆ ಏನೋ ಆಗೇತಿ!" ಎಂದು ಯಾರೋ ಕೂಗಿದರು. ತಂಬಿಗೆ, ಜಗ್ಗು, ಕೊಡ, ಕೈಗೆ ಸಿಕ್ಕಿದ್ದು ಹಿಡಿದು ವೇದಿಕೆಯತ್ತ ನುಗ್ಗಿದರು. ಗೌಡರಂತೂ ಮಜ್ಜಿಗೆಯ ಡ್ರಮ್ಮನ್ನೇ ಉರುಳಿಸಿಕೊಂಡು ಬಂದರು.

ನಾನು ಮೂಲೆಯಲ್ಲಿ ಊಟಕ್ಕೆ ಕೂತಿದ್ದೆ. ಕುಂಡ ಕಾಣಿಸಿತು. ಎಲೆಗಳೆಲ್ಲ ಕತ್ತು ಚೆಲ್ಲಿದ್ದವು, ಆ ಮೊಗ್ಗೊಂದು ಮಾತ್ರ ಹಸಿರಾಗಿ ಹಟ ಹಿಡಿದು ನಿಂತಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು, ಐದು ನಿಮಿಷದಲ್ಲಿ ನಾನು ಗೆಲ್ಲುತ್ತಿದ್ದೆ. ಆದರೆ ನಾನು ಎಲೆ ಬಿಟ್ಟು ಎದ್ದೆ. ಎಂಜಲ ಕೈಯಲ್ಲೇ ವೇದಿಕೆ ಹತ್ತಿ, ಕುಂಡಕ್ಕೆ ಅಡ್ಡ ನಿಂತು, ಅರವತ್ತೆರಡು ಮಕ್ಕಳನ್ನು ಗದರುವ ಧ್ವನಿಯಲ್ಲಿ ಕೂಗಿದೆ.

"ಯಾರೂ ಹತ್ರ ಬರಬ್ಯಾಡ್ರಿ! ಅದಕ್ಕ ನೀರೂ ಬ್ಯಾಡ, ಬೆಲ್ಲಾನೂ ಬ್ಯಾಡ! ಅದು ಸಾಯಾಕತ್ತಿಲ್ಲ, ದಣದೈತಿ! ಹನ್ನೆರಡರಿಂದ ನಾಕರ ತನಕ ಮಲಗಾಕ ಬಿಡ್ರಿ!"

ಕೊಡ, ಜಗ್ಗು ಹಿಡಿದವರು ಇದ್ದಲ್ಲೇ ನಿಂತರು. ಮದುಮಗ ಎದ್ದು ಕೈಕಟ್ಟಿ ನಿಂತ. ಅವನು ನನ್ನ ಹಳೆಯ ವಿದ್ಯಾರ್ಥಿ.

ಗಿಡವನ್ನು ಮನೆಗೆ ತಂದು ಕೆಸರು ಬಸಿದೆ, ಕೊಳೆತ ಬೇರು ಕತ್ತರಿಸಿ ಹೊಸ ಮಣ್ಣಿಗೆ ಹಾಕಿದೆ, ನಾನು ಮಲಗುವ ಕೋಣೆಯ ಪೂರ್ವದ ಕಿಟಕಿಯಲ್ಲಿಟ್ಟೆ. ಬೆಳಗಿನ ಬಿಸಿಲು ಸಾಕಷ್ಟು, ಹತ್ತರ ಮೇಲೆ ನೆರಳು. ಇಪ್ಪತ್ತಾರನೆಯ ದಿನ ಹೂ ಬಿಟ್ಟಿತು. ಅಂಗೈಯಗಲದ ಗೊಂಚಲು! ನಮ್ಮವರು ಹನಮಗೌಡರನ್ನು ತಬ್ಬಿಕೊಂಡು ಅತ್ತರು. ನಾನೂ ಅತ್ತೆ, ಕರಾರು ನೆನೆದು.

ಊಟಿಯಲ್ಲಿ ನೀಲಿ ಇದ್ದದ್ದು ನಮ್ಮೂರಿನ ಸುಣ್ಣದಂಶದ ನೀರಿಗೆ ಗುಲಾಬಿ ಬಣ್ಣ ತಾಳಿತ್ತು. ಹೂವಿಗೆ ನೀಲಿ ತರಿಸುವ ಯಂತ್ರಕ್ಕೆ ಅಂದೇ ಅಳತೆ ಶುರುವಾಯಿತು. ನಾನು ಚಕಾರ ಎತ್ತುವಂತಿಲ್ಲ.

ಖಾಲಿ ಉಳಿದ ಗಾಲಿಯ ಯಂತ್ರವನ್ನೂ ಇವರು ಸುಮ್ಮನೆ ಬಿಡಲಿಲ್ಲ. ಗಿಡಕ್ಕೆ ಮಧ್ಯಾಹ್ನದ ನಿದ್ದೆ ಮುಖ್ಯ ಎಂದು ನಾನೇ ಎಂಟುನೂರು ಜನರ ಮುಂದೆ ಹೇಳಿದ್ದೆನಲ್ಲ! ಮದುವೆಯ ವಿಡಿಯೋದಿಂದ ನನ್ನ ಗದರಿಕೆ ತೆಗೆದು ಯಂತ್ರಕ್ಕೆ ತುಂಬಿದರು. ಈಗ ಅದು ಕಿಟಕಿಯ ಗಿಡದ ನಿದ್ದೆ ಕಾಯಲು ದಿನಾ ಹನ್ನೆರಡರಿಂದ ನಾಲ್ಕರವರೆಗೆ ನನ್ನ ಮಂಚದ ಸುತ್ತ ಗಸ್ತು ತಿರುಗುತ್ತ, ಐದೈದು ನಿಮಿಷಕ್ಕೊಮ್ಮೆ ನನ್ನದೇ ಧ್ವನಿಯಲ್ಲಿ "ಮಲಗಾಕ ಬಿಡ್ರಿ!" ಎಂದು ಚೀರುತ್ತದೆ.

ಗಿಡಕ್ಕೆ ಕಿವಿ ಇಲ್ಲ. ಹಾಯಾಗಿ ಮಲಗುತ್ತದೆ.