ಟವೆಲಿಗೆ ಸಂದ ಗೌರವ

ಬಡಾಯಿಗೂ, ತಾನು ದೊಡ್ಡವನೆಂಬ ಭ್ರಮೆಗೂ ವ್ಯತ್ಯಾಸವಿದೆ ಎಂಬುದನ್ನು ನಾನು ಎಂದೋ ಕಂಡುಕೊಂಡಿದ್ದೆ. ಮೊದಲನೆಯದು ನನ್ನ ಗೆಳೆಯ ಶಿವಣ್ಣನಿಗಿದೆ. ಎರಡನೆಯದು ಊರಿನ ಉಳಿದವರಿಗಿದೆ. ಅರಕಲಗೂಡಿನಲ್ಲಿ ಬೆಲ್ಲದ ಅಂಗಡಿ ಇಟ್ಟಿರುವ ಶಿವಣ್ಣ, ರುದ್ರಪಟ್ಟಣದ ಸಂಗೀತೋತ್ಸವ ಬಂತೆಂದರೆ ಸಾಕು, ಅಲ್ಲಿ ತಪ್ಪದೆ ಹಾಡುವ ಹಿರಿಯ ವಿದ್ವಾಂಸರೊಬ್ಬರ ಬಗ್ಗೆ, "ಆ ವಿದ್ವಾಂಸ್ರು ನಮ್ಮಂಗ್ಡಿ ಬೆಲ್ಲದ ಕಾಫಿ ಕುಡುದ್ರೇನೇ ಗಂಟ್ಲು ಏಳೋದು ಕಣಯ್ಯ" ಎನ್ನುತ್ತಾನೆ. "ನಡಿ, ಅವರನ್ನೇ ಕೇಳೋಣ" ಎಂದರೆ ಅಂಗಡಿಯಲ್ಲಿ ತುರ್ತು ಕೆಲಸ ಹುಟ್ಟಿಕೊಳ್ಳುತ್ತದೆ.

ನನ್ನದು ಹಾಗಲ್ಲ. ಹೊಳೆನರಸೀಪುರದಲ್ಲಿ ಮೇಷ್ಟರಾಗಿ ನಿವೃತ್ತನಾದ ನಾನು, ಚಿಕ್ಕಂದಿನಲ್ಲಿ ಸಂಗೀತ ಕಲಿಯಲು ಹೋಗಿ, "ನಿನಗೆ ಕೇಳುವ ಯೋಗ ಚೆನ್ನಾಗಿದೆ" ಎಂಬ ಆಶೀರ್ವಾದ ಪಡೆದು ಹಿಂತಿರುಗಿದವನು. ಅಂದಿನಿಂದ ಒಂದೇ ಆಸೆ: ವೇದಿಕೆಯ ಮೇಲಿರುವವರು ಯಾರಾದರೂ ನನ್ನತ್ತ ನೋಡಿ, ಇವನಿಗೆ ತಿಳಿಯಿತು ಎಂದುಕೊಳ್ಳಬೇಕು. ಆ ವಿದ್ವಾಂಸರು ಪ್ರತಿವರ್ಷ ಕೀರ್ತನೆಯ ನಡುವೆ, ಮುಂದಿನ ಸಾಲಿನ ಮೂಲೆಯಲ್ಲಿ ತೊಡೆ ತಟ್ಟಿ ತಾಳ ಹಾಕುವ ನನ್ನ ಕಡೆ ತಿರುಗಿ ತಲೆದೂಗುತ್ತಾರೆ. ಅದೊಂದರ ಬಲದ ಮೇಲೆ ಮುಂದಿನ ಉತ್ಸವದವರೆಗೆ ನನ್ನ ಜೀವನ ಸಾಗುತ್ತದೆ.

ಹಾಸನದಲ್ಲಿ ಮನೋವೈದ್ಯೆಯಾಗಿರುವ ನನ್ನ ತಂಗಿಯ ಮಗಳು ಇದನ್ನು ಕೇಳಿ ನಕ್ಕಳು. "ಮಾಮ, ಬಡಾಯಿ ಇರೋರು ಸ್ವಲ್ಪ ಅಲುಗಾಡಿಸಿದ್ರೆ ಇಳೀತಾರೆ. ಭ್ರಮೆ ಇರೋರು ಪುರಾವೆ ತೋರಿಸಿದ್ರೆ ಆ ಪುರಾವೆನೂ ತಮ್ಮ ಕಡೆ ಸೇರಿಸ್ಕೋತಾರೆ." ಶಿವಣ್ಣನ ಬಗ್ಗೆ ನನಗೆ ಕನಿಕರವಾಯಿತು.

ಈ ವರ್ಷ ದಾರಿಯಲ್ಲಿ ಬಸ್ಸು ಕೆಟ್ಟಿತು. ಮೊದಲೇ ಹೋಗಿದ್ದ ಶಿವಣ್ಣ ವಾಡಿಕೆಯಂತೆ ನನ್ನ ಕುರ್ಚಿಗೆ ಟವೆಲು ಹಾಸಿ, ಬಾಗಿಲಲ್ಲಿ ಕಾಯುತ್ತಿದ್ದ. ನಾನು ತಲುಪುವಷ್ಟರಲ್ಲಿ ಕಚೇರಿ ಶುರುವಾಗಿ, ಓಡಾಡುವ ದಾರಿಯಲ್ಲೂ ಜನ ಕುಳಿತುಬಿಟ್ಟಿದ್ದರು. ಇಬ್ಬರೂ ಹಿಂದೆಯೇ ನಿಂತೆವು. ಕೀರ್ತನೆಯ ನಡುವೆ ವಿದ್ವಾಂಸರು ಮೂಲೆಗೆ ತಿರುಗಿ, ಟವೆಲಿನತ್ತ ಸೊಗಸಾಗಿ ತಲೆದೂಗಿದರು.

ಶಿವಣ್ಣ ಮೊಣಕೈಯಿಂದ ತಿವಿದ. "ನೋಡ್ದಾ? ಟವಲ್ಗೂ ತಲೆ ಆಡುಸ್ತವ್ರೆ! ಅದು ಅವ್ರ ಅಭ್ಯಾಸ ಕಣೋ ಮೇಷ್ಟ್ರೆ!" ಆಮೇಲೆ ನನ್ನ ಮುಖ ನೋಡಿ ಪೆಚ್ಚಾದ. "ಓಗ್ಲಿ ಬುಡು. ಆ ಕಾಫಿ ವಿಷ್ಯ ನಾನೂ ಸುಮ್ನೆ ಯೋಳ್ತಿದ್ದೆ."

ಖಾಲಿ ಕುರ್ಚಿಯ ಕಡೆಗೇ ಮತ್ತೆ ಮತ್ತೆ ತಿರುಗುತ್ತಿದ್ದ ವಿದ್ವಾಂಸರ ಮುಖವನ್ನೇ ನೋಡಿದೆ.

"ಪಾಪ ಕಣೋ ಶಿವಣ್ಣ," ಎಂದೆ, "ನಾನೆಲ್ಲಿ ಅಂತ ಹುಡುಕ್ತಿದ್ದಾರೆ."

ಬಾಗಿಲ ಬಳಿ ನಿಂತೇ ತಾಳ ಹಾಕತೊಡಗಿದೆ, ಕೊಂಚ ಜೋರಾಗಿಯೇ, ಅವರಿಗೆ ಧೈರ್ಯ ಬರಲಿ ಎಂದು.